ಗೋಡೆಯ ಮೇಲಿನ ಹಳೆಯ ಚೀಟಿ: ಮೂತ್ರಪಿಂಡದ ರೋಗಿಯ ತಟ್ಟೆಯಲ್ಲಿ ಸಸಾರಜನಕ ಎಷ್ಟಿರಬೇಕು?

ಕಳೆದ ತಪಸ್ಸುಕಾಲದಲ್ಲಿ ನಾವು ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಗೆ ರೋಗಿಯೊಬ್ಬರನ್ನು ನೋಡಿಬರಲು ಹೋಗಿದ್ದೆವು. ರೋಗಿಗಳನ್ನು ಸಂದರ್ಶಿಸುವುದು ದಯಾಕಾರ್ಯಗಳಲ್ಲಿ ಒಂದೆಂದು ಬಾಲ್ಯದಲ್ಲಿಯೇ ಜ್ಞಾನೋಪದೇಶದ ತರಗತಿಯಲ್ಲಿ ಕಲಿತವರು ನಾವು. ಬರಿಗೈಯಲ್ಲಿ ಹೋಗುವುದು ಹೇಗೆಂದು ದಾರಿಯಲ್ಲಿ ನಾಲ್ಕು ಎಳನೀರನ್ನೂ, ಔಷಧಿ ಅಂಗಡಿಯಿಂದ ಒಂದು ಡಬ್ಬಿ ಪ್ರೋಟೀನು ಪುಡಿಯನ್ನೂ ಕೊಂಡೆವು. ಆ ಮನೆಗೆ ಅವು ಎಂತಹ ಉಡುಗೊರೆಗಳೆಂಬುದು ಆಗ ನಮಗೆ ತಿಳಿದಿರಲಿಲ್ಲ. ಆ ದಿನ ಅಲ್ಲಿ ಕಂಡುದನ್ನೂ, ಬಳಿಕ ಬಲ್ಲವರಿಂದ ಕೇಳಿ ಓದಿ ತಿಳಿದುದನ್ನೂ ಓದುಗರ ಮುಂದಿಡುತ್ತಿದ್ದೇವೆ.

ಆ ಮನೆಯ ಹಿರಿಯರಿಗೆ ಅರವತ್ತೆರಡು ವರ್ಷ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ, ಅದರ ಜೊತೆಗೆ ರಕ್ತದೊತ್ತಡ. ಇವೆರಡರ ಫಲವಾಗಿ ಮೂತ್ರಪಿಂಡಗಳು ಮೆಲ್ಲಮೆಲ್ಲನೆ ಸೋತು, ಎಂಟು ತಿಂಗಳ ಹಿಂದೆ ಡಯಾಲಿಸಿಸ್ ಆರಂಭವಾಗಿತ್ತು. ವಾರಕ್ಕೆ ಎರಡು ದಿನ ಬೆಳಗಿನ ಬಸ್ಸಿಗೆ ಪಟ್ಟಣಕ್ಕೆ ಹೋಗಿ, ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿ, ಸಂಜೆಗೆ ಮರಳುತ್ತಿದ್ದರು. ನಾವು ಹೋದಾಗ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಗೋಡೆಗೊರಗಿ ಕುಳಿತಿದ್ದರು. ಒಂದು ಕಾಲಕ್ಕೆ ಗೋವಿನಜೋಳದ ಚೀಲವನ್ನು ಒಬ್ಬರೇ ಹೆಗಲಿಗೇರಿಸುತ್ತಿದ್ದ ತೋಳುಗಳು ಒಣಕಟ್ಟಿಗೆಯಂತೆ ಸೊರಗಿದ್ದವು. ತೂಕವು ಅರವತ್ತನಾಲ್ಕು ಕಿಲೋದಿಂದ ಐವತ್ತೊಂದಕ್ಕೆ ಇಳಿದಿದೆಯೆಂದು ಮಗಳು ಹೇಳಿದಳು.

ಅಡುಗೆಮನೆಯ ಬಾಗಿಲ ಬಳಿ, ಪವಿತ್ರ ಹೃದಯದ ಪಟದ ಕೆಳಗೆ, ಒಂದು ಚೀಟಿಯನ್ನು ಅಂಟಿಸಿದ್ದರು. ಎಣ್ಣೆಯ ಬೆರಳು ತಾಗಿ ತಾಗಿ ಹಳದಿಯಾಗಿದ್ದ ಆ ಚೀಟಿಯಲ್ಲಿ ಬೇಳೆ, ಕಾಳು, ಮೊಟ್ಟೆ, ಮಾಂಸ, ಮೀನು, ಹಾಲು ಇವುಗಳ ಹೆಸರು ಬರೆದು ಅಡ್ಡಗೆರೆ ಎಳೆಯಲಾಗಿತ್ತು. ಮನೆಯಾಕೆ ಹೆಮ್ಮೆಯಿಂದಲೇ ಹೇಳಿದರು: "ಬ್ಯಾಳಿ, ತತ್ತಿ, ಖಂಡ ಎಲ್ಲಾ ಬಂದ್ ಮಾಡೀವ್ರಿ. ಡಾಕ್ಟರು ಬರದು ಕೊಟ್ಟ ಚೀಟಿ ಅದು. ಮೂರು ವರ್ಷದಾಗ ಒಂದ ದಿನಾನೂ ತಪ್ಪಸಿಲ್ಲ ನೋಡ್ರಿ." ಹಿರಿಯರು ಸಣ್ಣಗೆ ನಕ್ಕು, "ಅಕಿ ಕಾವಲ ಇರೋತನಕ ಬ್ಯಾಳಿ ನನ್ನ ಹತ್ರ ಸುಳಿಯೂದಿಲ್ರಿ" ಎಂದರು.

ನಮ್ಮ ಜೊತೆಗೆ, ಆಸ್ಪತ್ರೆಯಲ್ಲಿ ಬಹುಕಾಲ ದಾದಿಯಾಗಿ ಸೇವೆ ಸಲ್ಲಿಸಿದ ಕನ್ಯಾಸ್ತ್ರೀಯೊಬ್ಬರು ಬಂದಿದ್ದರು. ಅವರು ಕನ್ನಡಕ ಸರಿಪಡಿಸಿಕೊಂಡು ಚೀಟಿಯನ್ನು ಓದಿ, "ಅಕ್ಕಾರ, ಇದು ಮಷೀನ್ ಶುರು ಆಗೂಕಿಂತ ಮೊದಲಿಂದೋ, ಆಮ್ಯಾಲಿಂದೋ?" ಎಂದು ಕೇಳಿದರು. ಮೊದಲಿನದು ಎಂಬ ಉತ್ತರ ಬಂತು. ಸಿಸ್ಟರ್ ಒಂದು ಕ್ಷಣ ಸುಮ್ಮನಾದರು. ಬಳಿಕ, "ಹಂಗಾದ್ರ ಈ ಚೀಟಿ ಮುಗದೈತ್ರೀ" ಎಂದರು.

ಅವರ ಮಾತಿನ ಅರ್ಥವನ್ನು ತಿಳಿಯಬೇಕಾದರೆ ಮೂತ್ರಪಿಂಡಗಳ ಕೆಲಸವನ್ನು ಸ್ವಲ್ಪ ತಿಳಿದಿರಬೇಕು. ನಾವು ತಿನ್ನುವ ಸಸಾರಜನಕವು, ಅಂದರೆ ಪ್ರೋಟೀನು, ಹೊಟ್ಟೆಯಲ್ಲಿ ಅಮೈನೋ ಆಮ್ಲಗಳಾಗಿ ಒಡೆದು ಸ್ನಾಯು, ರಕ್ತ, ಚರ್ಮಗಳ ನಿರ್ಮಾಣಕ್ಕೆ ಬಳಕೆಯಾಗುತ್ತದೆ. ಬಳಕೆಯಾಗದೆ ಉಳಿದುದರಿಂದ ಯೂರಿಯಾ ಮುಂತಾದ ಕಶ್ಮಲಗಳು ಹುಟ್ಟುತ್ತವೆ. ಇವನ್ನು ಸೋಸಿ ಹೊರಹಾಕಲು ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿವೆ. ರೋಗದಿಂದ ಇವುಗಳಲ್ಲಿ ಅರ್ಧದಷ್ಟು ನಾಶವಾದರೆ ಉಳಿದರ್ಧವು ಇಮ್ಮಡಿ ದುಡಿಯಬೇಕಾಗುತ್ತದೆ, ಹಾಗೆ ದುಡಿದು ದುಡಿದು ಅವೂ ಬೇಗನೆ ಸವೆಯುತ್ತವೆ. ಅಮೆರಿಕದ ವೈದ್ಯ ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು ಈ ವಿವರಣೆಯನ್ನು 1982ರಲ್ಲಿ ಮುಂದಿಟ್ಟರು. ಎತ್ತು ಬಡವಾಗಿರುವಾಗ ಬಂಡಿಯ ಹೇರನ್ನು ತಗ್ಗಿಸುವುದು ರೈತನಿಗೆ ತಿಳಿದ ಮಾತೇ. ಸಸಾರಜನಕವನ್ನು ಮಿತಗೊಳಿಸಿರೆಂದು ವೈದ್ಯರು ಹೇಳುವುದರ ಹಿಂದಿನ ತರ್ಕವೂ ಇದೇ.

ಈ ಚಿಕಿತ್ಸೆ ಹೊಸದಲ್ಲ. ಜರ್ಮನಿಯಿಂದ ವಲಸೆ ಬಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು 1940ರ ದಶಕದಲ್ಲಿ ತೀವ್ರ ರಕ್ತದೊತ್ತಡ ಮತ್ತು ಮೂತ್ರಪಿಂಡದ ರೋಗಿಗಳಿಗೆ ಬರಿಯ ಅನ್ನ, ಹಣ್ಣು, ಸಕ್ಕರೆಗಳ ಪಥ್ಯವನ್ನು ವಿಧಿಸಿ ಹೆಸರಾದರು. ಅನ್ನವನ್ನು ಔಷಧವೆಂದು ಕೊಟ್ಟ ಆ ವೈದ್ಯರ ಕಥೆಯನ್ನು ಕೇಳಿದರೆ ನಮ್ಮ ಅಜ್ಜಿಯರು ನಗುತ್ತಿದ್ದರೇನೋ! ಇಟಲಿಯಲ್ಲಿ ಜೋರ್ದಾನೋ ಅವರು 1963ರಲ್ಲಿಯೂ, ಜೊವಾನ್ನೆತ್ತಿ ಹಾಗೂ ಮಾಜ್ಜೋರೆ ಅವರು 1964ರಲ್ಲಿಯೂ ಬಹು ಕಡಿಮೆ ಸಸಾರಜನಕದ ಊಟವನ್ನು ಪ್ರಯೋಗಿಸಿ, ವಾಕರಿಕೆ, ಬಿಕ್ಕಳಿಕೆ, ಮಂಪರುಗಳಿಂದ ನರಳುತ್ತಿದ್ದ ರೋಗಿಗಳು ಚೇತರಿಸಿಕೊಂಡುದನ್ನು ವರದಿ ಮಾಡಿದರು. ಡಯಾಲಿಸಿಸ್ ಯಂತ್ರವು ಆಗಿನ್ನೂ ಬೆರಳೆಣಿಕೆಯ ಊರುಗಳಲ್ಲಿ ಮಾತ್ರವಿದ್ದ ಕಾಲ ಅದು. ಯಂತ್ರವಿಲ್ಲದವರಿಗೆ ಪಥ್ಯವೇ ಗತಿಯಾಗಿತ್ತು.

ಆದರೆ ಪಥ್ಯದಿಂದ ರೋಗವು ಎಷ್ಟರಮಟ್ಟಿಗೆ ನಿಧಾನವಾಗುತ್ತದೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಸುಲಭವಾಗಿ ಸಿಗಲಿಲ್ಲ. ಅಮೆರಿಕದಲ್ಲಿ 840 ರೋಗಿಗಳನ್ನು ಸೇರಿಸಿಕೊಂಡು ನಡೆದ ದೊಡ್ಡ ಅಧ್ಯಯನವೊಂದು 1994ರಲ್ಲಿ ಪ್ರಕಟವಾದಾಗ, ಕಡಿಮೆ ಸಸಾರಜನಕದ ಊಟದಿಂದ ಅಲ್ಪ ಪ್ರಯೋಜನವಿದ್ದೀತು ಎನ್ನುವುದಕ್ಕಿಂತ ಹೆಚ್ಚಿನದನ್ನು ಹೇಳಲು ಅದಕ್ಕೆ ಆಗಲಿಲ್ಲ. ವೈದ್ಯರಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ. ಅಮೆರಿಕದ ರಾಷ್ಟ್ರೀಯ ಮೂತ್ರಪಿಂಡ ಪ್ರತಿಷ್ಠಾನವು 2020ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ರೋಗವು ಮಧ್ಯಮ ಹಂತವನ್ನು ದಾಟಿದ್ದು, ಡಯಾಲಿಸಿಸ್ ಇನ್ನೂ ಆರಂಭವಾಗದಿರುವ, ಸಕ್ಕರೆ ಕಾಯಿಲೆಯಿಲ್ಲದ ಸ್ಥಿರ ರೋಗಿಗಳಿಗೆ ದೇಹತೂಕದ ಒಂದು ಕಿಲೋಗೆ ದಿನಕ್ಕೆ 0.55ರಿಂದ 0.60 ಗ್ರಾಂ ಸಸಾರಜನಕ ಸಾಕು; ಸಕ್ಕರೆ ಕಾಯಿಲೆ ಇದ್ದವರಿಗೆ 0.6ರಿಂದ 0.8 ಗ್ರಾಂ. ಕೆಡಿಗೊ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2024ರ ಮಾರ್ಗಸೂಚಿಯು ಇನ್ನಷ್ಟು ಉದಾರವಾಗಿದ್ದು, 0.8 ಗ್ರಾಂನಲ್ಲಿ ನಿಲ್ಲಿಸಿರಿ, 1.3 ಗ್ರಾಂ ಮೀರಬೇಡಿರಿ ಎನ್ನುತ್ತದೆ. ಸೊರಗಿದವರಿಗೆ, ಸ್ನಾಯು ಕರಗುತ್ತಿರುವವರಿಗೆ ಈ ಕಡಿತವನ್ನು ವಿಧಿಸಲೇಬಾರದೆಂದೂ ಅದು ಎಚ್ಚರಿಸುತ್ತದೆ.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆರೋಗ್ಯವಂತ ಭಾರತೀಯನಿಗೆ ದಿನಕ್ಕೆ ಬೇಕಾದುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಿಗದಿ ಮಾಡಿದ ಪ್ರಮಾಣವು ಕಿಲೋಗೆ 0.83 ಗ್ರಾಂ. ಅಂದರೆ ರೋಗಿಗೆ ಹೇಳಿದ 0.8 ಗ್ರಾಂ ಎಂಬುದು ಉಪವಾಸವಲ್ಲ; ಆರೋಗ್ಯವಂತನು ತಿನ್ನಬೇಕಾದಷ್ಟೇ ತಿನ್ನು, ಹೆಚ್ಚು ತಿನ್ನಬೇಡ ಎಂಬ ಮಾತು ಅದು. ದಿನಕ್ಕೆ 80–100 ಗ್ರಾಂ ತಿನ್ನುವ ಪಾಶ್ಚಾತ್ಯರಿಗೆ ಇದು ದೊಡ್ಡ ಕಡಿತ. ನಮ್ಮಲ್ಲಿಯೋ, 2011–12ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಒಬ್ಬೊಬ್ಬರ ಪಾಲಿಗೆ ಬಂದುದು ದಿನಕ್ಕೆ ಸುಮಾರು 60 ಗ್ರಾಂ ಮಾತ್ರ. ಅಲ್ಲಿನ ದೊಡ್ಡ ತಟ್ಟೆಗಾಗಿ ಹೇಳಿದ 'ಕಡಿಮೆ ಮಾಡಿರಿ' ಎಂಬ ಮಾತನ್ನು ಇಲ್ಲಿನ ಸಣ್ಣ ತಟ್ಟೆಗೆ ಹಾಗೆಯೇ ಅನ್ವಯಿಸಿದರೆ ತಟ್ಟೆಯಲ್ಲಿ ಉಳಿಯುವುದೇನು?

ಹಲಗೇರಿಯ ಒಂದು ಸಾಧಾರಣ ಮನೆಯ ದಿನದ ಊಟವನ್ನೇ ಲೆಕ್ಕ ಹಾಕೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳ ಪ್ರಕಾರ ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಅಕ್ಕಿಯಲ್ಲಿ 8 ಗ್ರಾಂ, ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 24 ಗ್ರಾಂ, ಹಸುವಿನ ಹಾಲಿನಲ್ಲಿ 3 ಗ್ರಾಂಗೆ ತುಸು ಹೆಚ್ಚು ಸಸಾರಜನಕವಿದೆ. ಇನ್ನೂರು ಗ್ರಾಂ ಹಿಟ್ಟಿನ ನಾಲ್ಕು ರೊಟ್ಟಿಗಳಿಂದ 20 ಗ್ರಾಂ. ನೂರು ಗ್ರಾಂ ಅಕ್ಕಿಯ ಅನ್ನದಿಂದ 8. ಒಂದು ಹಿಡಿ, ಅಂದರೆ ಮೂವತ್ತು ಗ್ರಾಂ ಬೇಳೆಯಿಂದ ಆರೂವರೆ. ಹಾಲು ಮೊಸರು ಸೇರಿ ಕಾಲು ಲೀಟರಿನಿಂದ 8. ಇಪ್ಪತ್ತು ಗ್ರಾಂ ಶೇಂಗಾದ ಚಟ್ನಿಪುಡಿಯಿಂದ 5. ಒಟ್ಟು 47 ಅಥವಾ 48 ಗ್ರಾಂ. ಅರವತ್ತು ಕಿಲೋ ತೂಕದವರಿಗೆ 0.8ರ ಲೆಕ್ಕದಲ್ಲಿ ಬೇಕಾದುದು 48 ಗ್ರಾಂ!

ಈ ಲೆಕ್ಕ ನಮ್ಮನ್ನು ಬೆರಗುಗೊಳಿಸಿತು. ನಮ್ಮ ನಾಡಿನ ರೊಟ್ಟಿ, ಬೇಳೆ, ಮಜ್ಜಿಗೆಯ ಊಟವು ತಾನಾಗಿಯೇ ಆ ಮಿತಿಯ ಆಸುಪಾಸಿನಲ್ಲಿದೆ. ಇಂತಹ ಮನೆಯಲ್ಲಿ ಡಯಾಲಿಸಿಸ್‌ಗೆ ಮೊದಲಿನ ರೋಗಿಗೆ 'ಸಸಾರಜನಕ ಕಡಿಮೆ ಮಾಡಿರಿ' ಎಂದರೆ ಬಹುಪಾಲು 'ಮೇಲೆ ಸೇರಿಸಬೇಡಿರಿ' ಎಂದಷ್ಟೇ ಅರ್ಥ. ಭಾನುವಾರದ ಊಟದಲ್ಲಿ ಕಾಲು ಕಿಲೋ ಕೋಳಿಮಾಂಸವನ್ನು ಒಬ್ಬರೇ ಮುಗಿಸಿದರೆ ಅದೊಂದರಿಂದಲೇ 50 ಗ್ರಾಂ ಬಂದು ದಿನದ ಲೆಕ್ಕ ಇಮ್ಮಡಿಯಾಗುತ್ತದೆ. ಹಬ್ಬ, ಮದುವೆ, ನಾಮಕರಣಗಳ ಊಟದಲ್ಲಿ ನಮ್ಮ ಕುಟುಂಬಗಳು ಎಚ್ಚರದಿಂದಿರಬೇಕಾದ ಸ್ಥಳ ಅದು. 'ಶಕ್ತಿ ಬರಲಿ' ಎಂದು ಹಾಲಿಗೆ ಬೆರೆಸುವ ಪ್ರೋಟೀನು ಪುಡಿಯೂ ಹಾಗೆಯೇ. ವೈದ್ಯರು ಹೇಳದೆ ಅದನ್ನು ಡಯಾಲಿಸಿಸ್‌ಗೆ ಮೊದಲಿನ ರೋಗಿಗೆ ಕೊಡುವುದು ಬಡ ಎತ್ತಿನ ಬಂಡಿಗೆ ಇನ್ನೊಂದು ಚೀಲ ಹೇರಿದಂತೆ.

ಇನ್ನು ಎಲ್ಲವನ್ನೂ ನಿಲ್ಲಿಸಿದರೆ ಏನಾಗುತ್ತದೆ? ಮೇಲಿನ ಲೆಕ್ಕದಿಂದ ಬೇಳೆ, ಹಾಲು, ಶೇಂಗಾಗಳನ್ನು ತೆಗೆದುಬಿಟ್ಟರೆ ಉಳಿಯುವುದು 28 ಗ್ರಾಂ. ಅದೂ ಕೊರತೆಯುಳ್ಳ 28 ಗ್ರಾಂ. ಏಕೆಂದರೆ ಜೋಳ ಅಕ್ಕಿಗಳಲ್ಲಿ ಲೈಸೀನ್ ಎಂಬ ಅವಶ್ಯ ಅಮೈನೋ ಆಮ್ಲವು ಕಡಿಮೆ. ಬೇಳೆ ಹಾಲುಗಳಲ್ಲಿ ಅದು ಧಾರಾಳ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂತ ಜಾನರ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರಿಗೆ ಎಷ್ಟು ಲೈಸೀನ್ ಬೇಕೆಂಬುದನ್ನು ವರ್ಷಗಳ ಕಾಲ ಅಳೆದು ನೋಡಿದರು. ಹಿಂದೆ ಭಾವಿಸಿದ್ದಕ್ಕಿಂತ ಬಹಳ ಹೆಚ್ಚು ಬೇಕೆಂದು ತಿಳಿದುಬಂದು, ವಿಶ್ವ ಆರೋಗ್ಯ ಸಂಸ್ಥೆ ಮುಂತಾದವುಗಳ 2007ರ ವರದಿಯಲ್ಲಿ ಅದರ ಪ್ರಮಾಣವು ಕಿಲೋಗೆ 30 ಮಿಲಿಗ್ರಾಂ ಎಂದು ಏರಿತು. ಬರಿಯ ರೊಟ್ಟಿ ಅನ್ನಗಳಿಂದ ಅದರ ಅರ್ಧವೂ ಸಿಗುವುದಿಲ್ಲ. ಒಂದು ಹಿಡಿ ಬೇಳೆ, ಒಂದು ಲೋಟ ಹಾಲು ಸೇರಿದರೆ ಲೆಕ್ಕ ಸರಿಹೋಗುತ್ತದೆ. ನಮ್ಮ ಹಿರಿಯರು ರೊಟ್ಟಿಯ ಪಕ್ಕಕ್ಕೆ ಕಾಳಿನ ಪಲ್ಯವನ್ನು ಬಡಿಸಿದುದು ರುಚಿಗಾಗಿ ಮಾತ್ರವಲ್ಲ ಎಂದಾಯಿತು.

ಹೀಗೆ ಹಸಿದ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿ ತಿನ್ನತೊಡಗುತ್ತದೆ. ಇಲ್ಲಿ ಒಂದು ಮೋಸವೂ ಇದೆ. ರಕ್ತಪರೀಕ್ಷೆಯಲ್ಲಿ ಎಲ್ಲರೂ ಮೊದಲು ನೋಡುವ ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ಹುಟ್ಟುವ ವಸ್ತು. ಸ್ನಾಯು ಕರಗಿದರೆ ಕ್ರಿಯಾಟಿನಿನ್ ಕೂಡ ಇಳಿಯುತ್ತದೆ. ಮನೆಯವರು 'ಪಥ್ಯ ಹತ್ತಿತು, ರಿಪೋರ್ಟು ಸುಧಾರಿಸಿತು' ಎಂದು ಹಿಗ್ಗುತ್ತಾರೆ, ರೋಗಿಯು ಮಾತ್ರ ಗೋಡೆ ಹಿಡಿದು ಏಳುತ್ತಿರುತ್ತಾನೆ. ಆದುದರಿಂದ ಕಾಗದದ ಜೊತೆಗೆ ತಕ್ಕಡಿಯನ್ನೂ ನೋಡಬೇಕು. ಅಂಗಿಯ ತೋಳು, ಬಳೆ, ಉಂಗುರ ಸಡಿಲವಾಗುತ್ತಿವೆಯೇ ಎಂಬುದನ್ನೂ ನೋಡಬೇಕು.

ಸ್ನಾಯು ಕರಗದಂತೆ ತಡೆಯುವ ಇನ್ನೊಂದು ಉಪಾಯವಿದೆ. ಸಸಾರಜನಕ ಕಡಿಮೆಯಾದಷ್ಟೂ ಶಕ್ತಿಯು ಬೇರೆ ಕಡೆಯಿಂದ ಒದಗಬೇಕು. ಕಿಲೋಗೆ 25ರಿಂದ 35 ಕ್ಯಾಲೊರಿ ಎಂಬುದು ಮಾರ್ಗಸೂಚಿಯ ಲೆಕ್ಕ. ಅರವತ್ತು ಕಿಲೋದವರಿಗೆ ಇದು 1500ರಿಂದ 2100 ಆಗುತ್ತದೆ. ರೊಟ್ಟಿಗೆ ಸವರಿದ ಎಣ್ಣೆ, ಅನ್ನಕ್ಕೆ ಹಾಕಿದ ಒಂದು ಚಮಚ ತುಪ್ಪ ಇವುಗಳಲ್ಲಿ ಶಕ್ತಿ ಇದೆ, ಸಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಸಾಬೂದಾಣಿಯೂ ಅಂಥದೇ. ನಾವು ಉಪವಾಸದ ತಿಂಡಿಯೆಂದು ತಿಳಿದ ಅದು ಮೂತ್ರಪಿಂಡದ ರೋಗಿಗೆ ನಿಜಕ್ಕೂ ಒದಗಿಬರುವ ಆಹಾರ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಸಕ್ಕರೆ, ಸಾಬೂದಾಣಿಗಳ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಉಪ್ಪಿನ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಹೆಚ್ಚು ಬೇಡ. ಉಪ್ಪಿನಕಾಯಿ, ಹಪ್ಪಳ, ಒಣಮೀನು ದೂರವಿರಲಿ. ಉಪ್ಪು ತಗ್ಗಿದ ಸಾರಿಗೆ ಬ್ಯಾಡಗಿ ಮೆಣಸಿನಕಾಯಿಯೂ ಲಿಂಬೆಯ ಹುಳಿಯೂ ಒಂದಿಷ್ಟು ಜೀವ ತುಂಬುತ್ತವೆ. ಅಂಗಡಿಯಲ್ಲಿ 'ಕಡಿಮೆ ಸೋಡಿಯಂ ಉಪ್ಪು' ಎಂದು ಮಾರುವುದನ್ನು ಮಾತ್ರ ಈ ರೋಗಿಗಳಿಗೆ ತರಬಾರದು. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುತ್ತದೆ. ಸೋತ ಮೂತ್ರಪಿಂಡವು ಪೊಟ್ಯಾಸಿಯಂ ಅನ್ನು ಹೊರಹಾಕಲಾರದೆ, ಅದು ರಕ್ತದಲ್ಲಿ ಏರಿದರೆ ಹೃದಯವು ಹಠಾತ್ತನೆ ನಿಲ್ಲುವ ಅಪಾಯವಿದೆ. ನಾವು ಪ್ರೀತಿಯಿಂದ ಒಯ್ದಿದ್ದ ನಾಲ್ಕು ಎಳನೀರುಗಳಲ್ಲಿದ್ದುದೂ ಅದೇ ಪೊಟ್ಯಾಸಿಯಂ! ಸಿಸ್ಟರ್ ಅವನ್ನು ಮೊಮ್ಮಕ್ಕಳಿಗೆ ಒಡೆಸಿಕೊಟ್ಟರು.

ಇನ್ನು ಗುಳಿಗೆಗಳ ಮಾತು. ಆ ಮನೆಯ ಮಾಡಿನಲ್ಲಿ ದೊಡ್ಡ ಗುಳಿಗೆಗಳ ಪೆಟ್ಟಿಗೆಗಳೂ ಇದ್ದವು. 'ಕೀಟೋ ಅನಲಾಗ್' ಎಂದು ಕರೆಯುವ ಇವುಗಳನ್ನು ಔಷಧಿ ಅಂಗಡಿಗಳಲ್ಲಿ 'ಕಿಡ್ನಿ ಪ್ರೋಟೀನ್ ಗುಳಿಗೆ' ಎಂದೂ ಹೇಳುವುದುಂಟು. ಇವು ಸಸಾರಜನಕವಲ್ಲ. ಅಮೈನೋ ಆಮ್ಲದಿಂದ ಸಾರಜನಕದ ಭಾಗವನ್ನು ತೆಗೆದುಹಾಕಿ ಉಳಿಸಿದ ಚೌಕಟ್ಟು ಎನ್ನಬಹುದು. ದೇಹವು ಕಶ್ಮಲವಾಗಿ ಹೋಗಬೇಕಿದ್ದ ಸಾರಜನಕವನ್ನೇ ಹಿಡಿದು ಆ ಚೌಕಟ್ಟಿಗೆ ಜೋಡಿಸಿ, ಬೇಕಾದ ಅಮೈನೋ ಆಮ್ಲವನ್ನು ತಯಾರಿಸಿಕೊಳ್ಳುತ್ತದೆ. ಕಟ್ಟಡಕ್ಕೆ ಕಲ್ಲೂ ಬಂತು, ಅಂಗಳದ ಕಸವೂ ಕಡಿಮೆಯಾಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮ್ಯಾಕೆಂಜಿ ವಾಲ್ಸರ್ 1970ರ ದಶಕದಿಂದ ಇದನ್ನು ಬೆಳೆಸಿದವರಲ್ಲಿ ಪ್ರಮುಖರು.

ಉಪಾಯವೇನೋ ಸುಂದರ, ಆದರೆ ಅದಕ್ಕೊಂದು ಕರಾರು ಇದೆ. ಊಟದ ಸಸಾರಜನಕವನ್ನು ಕಿಲೋಗೆ 0.3–0.4 ಗ್ರಾಂವರೆಗೆ, ಅಂದರೆ ಅರವತ್ತು ಕಿಲೋದವರಿಗೆ ದಿನಕ್ಕೆ 18ರಿಂದ 24 ಗ್ರಾಂಗೆ ಇಳಿಸಿ, ಶಕ್ತಿಯನ್ನು ಪೂರ್ತಿಯಾಗಿ ಒದಗಿಸಿ, ಕೊರತೆಯನ್ನು ಈ ಗುಳಿಗೆಗಳಿಂದ ತುಂಬುವುದು ಇದರ ಕ್ರಮ. ಸಾಮಾನ್ಯ ಪ್ರಮಾಣವು ಐದು ಕಿಲೋ ತೂಕಕ್ಕೆ ಒಂದು ಗುಳಿಗೆ. ಅರವತ್ತು ಕಿಲೋದವರಿಗೆ ದಿನಕ್ಕೆ ಹನ್ನೆರಡು! ರುಮೇನಿಯಾದ ಬುಖಾರೆಸ್ಟ್ ನಗರದ ವೈದ್ಯರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಸ್ಯಾಹಾರದೊಡನೆ ಈ ಕ್ರಮವನ್ನು ಹದಿನೈದು ತಿಂಗಳು ಪಾಲಿಸಿದವರಲ್ಲಿ ನೂರಕ್ಕೆ 13 ಮಂದಿಯ ರೋಗ ಮಾತ್ರ ಉಲ್ಬಣಿಸಿ ಡಯಾಲಿಸಿಸ್ ಹಂತದತ್ತ ಸಾಗಿತು. ಸಾಮಾನ್ಯ ಕಡಿತದ ಊಟ ಮಾಡಿದವರಲ್ಲಿ ಈ ಸಂಖ್ಯೆ 42. ಆಶಾದಾಯಕವೇ ಸರಿ. ಆದರೆ ಅದೇ ಅಧ್ಯಯನದಲ್ಲಿ ಪರಿಶೀಲಿಸಿದ 1413 ರೋಗಿಗಳ ಪೈಕಿ ಪ್ರಯೋಗಕ್ಕೆ ಸೇರಿದವರು 207 ಮಂದಿ ಮಾತ್ರ. ಸಕ್ಕರೆ ಕಾಯಿಲೆಯವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಸೇರಿದವರನ್ನು ಆಹಾರತಜ್ಞರು ಬಿಡದೆ ಹಿಂಬಾಲಿಸುತ್ತಿದ್ದರು.

ನಮ್ಮ ಕಡೆ ನಡೆಯುವುದು ಬೇರೆ. ದಿನಕ್ಕೆ ಎರಡೋ ಮೂರೋ ಗುಳಿಗೆ, ಊಟ ಎಂದಿನಂತೆ. ಹೀಗೆ ನುಂಗಿದರೆ ಪ್ರಯೋಜನವಿದೆಯೆಂದು ತೋರಿಸುವ ಗಟ್ಟಿಯಾದ ಪುರಾವೆ ನಮಗೆ ಎಲ್ಲಿಯೂ ಸಿಗಲಿಲ್ಲ. ಇವು ಸುಣ್ಣದ ಅಂಶವುಳ್ಳ ಗುಳಿಗೆಗಳಾದುದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರದಂತೆ ಪರೀಕ್ಷೆಯನ್ನೂ ಮಾಡಿಸುತ್ತಿರಬೇಕು. ಹಲಗೇರಿಯ ಆ ಕುಟುಂಬವು ದಿನಕ್ಕೆ ಮೂರು ಗುಳಿಗೆಗಳನ್ನು, ಡಯಾಲಿಸಿಸ್ ಆರಂಭವಾದ ಮೇಲೆಯೂ, ಯಾರೂ ನಿಲ್ಲಿಸೆಂದು ಹೇಳದ ಕಾರಣ ಕೊಳ್ಳುತ್ತಲೇ ಇತ್ತು. ತಿಂಗಳಿಗೆ ಕೆಲವು ಸಾವಿರ ರೂಪಾಯಿ ಅದಕ್ಕೇ ಹೋಗುತ್ತಿತ್ತು. ಆ ಹಣಕ್ಕಾಗಿ ಒಂದೆಕರೆ ಹೊಲವನ್ನು ಲಾವಣಿಗೆ ಕೊಟ್ಟಿದ್ದರು. ಮೊಟ್ಟೆಗೆ ಮಾತ್ರ ಆ ಮನೆಯಲ್ಲಿ ಪ್ರವೇಶವಿರಲಿಲ್ಲ.

ಸಿಸ್ಟರ್ 'ಚೀಟಿ ಮುಗಿಯಿತು' ಎಂದುದರ ಕಾರಣಕ್ಕೆ ಈಗ ಬರುತ್ತೇವೆ. ಡಯಾಲಿಸಿಸ್ ಆರಂಭವಾದ ದಿನದಿಂದ ಲೆಕ್ಕವು ತಲೆಕೆಳಗಾಗುತ್ತದೆ. ಕಶ್ಮಲವನ್ನು ಯಂತ್ರವೇ ತೆಗೆಯುವುದರಿಂದ ಮೂತ್ರಪಿಂಡದ ಹೇರನ್ನು ತಗ್ಗಿಸುವ ಕಾರಣ ಉಳಿಯುವುದಿಲ್ಲ. ಅಲ್ಲದೆ ಯಂತ್ರವು ಕಶ್ಮಲದೊಡನೆ ಒಳ್ಳೆಯದನ್ನೂ ಸೆಳೆದುಕೊಳ್ಳುತ್ತದೆ. ಒಂದೊಂದು ಸಲವೂ ಸುಮಾರು ಆರರಿಂದ ಹನ್ನೆರಡು ಗ್ರಾಂ ಅಮೈನೋ ಆಮ್ಲಗಳು ಹೊರಟುಹೋಗುತ್ತವೆ. ಆದುದರಿಂದ ಡಯಾಲಿಸಿಸ್ ರೋಗಿಗೆ ಬೇಕಾದುದು ಕಿಲೋಗೆ 1.0ರಿಂದ 1.2 ಗ್ರಾಂ, ಅರವತ್ತು ಕಿಲೋದವರಿಗೆ 60ರಿಂದ 72 ಗ್ರಾಂ. ಮೊದಲು 'ತಿನ್ನಬೇಡ' ಎಂದ ವೈದ್ಯಶಾಸ್ತ್ರವೇ ಈಗ 'ತಿನ್ನು' ಎನ್ನುತ್ತದೆ. ಹಲಗೇರಿಯ ಆ ಹಿರಿಯರೋ, ಹಳೆಯ ಚೀಟಿಯ ಪ್ರಕಾರ, ಬೇಕಾದುದರ ಅರ್ಧದಷ್ಟರಲ್ಲಿ ಎಂಟು ತಿಂಗಳು ಕಳೆದಿದ್ದರು. ಅವರ ಮನೆಯಾಕೆಯ ನಿಷ್ಠೆಯಲ್ಲಿ ಕೊರತೆಯಿರಲಿಲ್ಲ. ಚೀಟಿ ಕೊಟ್ಟ ವೈದ್ಯರೂ ಅಂದಿನ ಮಟ್ಟಿಗೆ ಕಡಿತವನ್ನೇ ಹೇಳಬೇಕಾಗಿತ್ತು, ತುಸು ಅತಿಯಾಗಿ ಹೇಳಿದರೆಂಬುದನ್ನು ಬಿಟ್ಟರೆ. ಬದಲಾದ ಕಾಯಿಲೆಗೆ ಚೀಟಿಯೂ ಬದಲಾಗಬೇಕೆಂದು ಹೇಳುವವರು ಮಾತ್ರ ನಡುವೆ ಯಾರೂ ಇರಲಿಲ್ಲ. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ತರುವಾಯ ಯಂತ್ರವು ಬಡವರ ಹತ್ತಿರಕ್ಕೆ ಬಂದಿದೆ, ಅದಕ್ಕಾಗಿ ಕೃತಜ್ಞರಾಗಿರೋಣ. ಆಹಾರತಜ್ಞರು ಇನ್ನೂ ಅಷ್ಟು ಹತ್ತಿರಕ್ಕೆ ಬಂದಿಲ್ಲ.

ಹೆಚ್ಚಿನ ಸಸಾರಜನಕವನ್ನು ಎಲ್ಲಿಂದ ತರುವುದು? ಎರಡು ಮೊಟ್ಟೆಗಳ ಬಿಳಿಯ ಭಾಗದಿಂದ ಸುಮಾರು 7 ಗ್ರಾಂ ಬರುತ್ತದೆ; ಅದರಲ್ಲಿ ರಂಜಕವೂ ಕಡಿಮೆ. ಅಂಗೈಯ ಅರ್ಧದಷ್ಟು ದೊಡ್ಡದಾದ ಮೀನಿನ ಹೋಳಿನಿಂದ ಹತ್ತು ಹದಿನೈದು ಗ್ರಾಂ. ಇವನ್ನು ಮೇಲೆ ಹೇಳಿದ ರೊಟ್ಟಿ ಬೇಳೆಯ ಊಟಕ್ಕೆ ಸೇರಿಸಿದರೆ ಲೆಕ್ಕ ತುಂಬಿತು. ಮಾಂಸ ಮೀನು ಮುಟ್ಟದವರು ಬೇಳೆ, ಮೊಸರು, ಪನೀರುಗಳನ್ನು ಹೆಚ್ಚಿಸಬಹುದು. ಆದರೆ ಬೇಳೆಯಲ್ಲಿ ಪೊಟ್ಯಾಸಿಯಂ, ಹಾಲಿನ ಪದಾರ್ಥಗಳಲ್ಲಿ ರಂಜಕ ಇರುವುದರಿಂದ ರಕ್ತಪರೀಕ್ಷೆಯನ್ನು ನೋಡಿ ವೈದ್ಯರು ಅಳತೆ ಹೇಳಬೇಕು. ಬೇಳೆಯನ್ನು ನೆನೆಹಾಕಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದರೆ ಪೊಟ್ಯಾಸಿಯಂ ಸಾಕಷ್ಟು ಇಳಿಯುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಬಸಿದ ಕಟ್ಟನ್ನು ಚೆಲ್ಲುವುದುಂಟೇ? ಹೋಳಿಗೆಯ ದಿನದ ಕಟ್ಟಿನ ಸಾರಿನ ರುಚಿಯೇ ಬೇರೆ. ಆ ಸಾರು ಮನೆಯವರಿಗಿರಲಿ, ಬೆಂದ ಬೇಳೆ ರೋಗಿಗಿರಲಿ. ನಾವು ಒಯ್ದಿದ್ದ ಪ್ರೋಟೀನು ಪುಡಿಯ ಡಬ್ಬಿಯನ್ನು ಸಿಸ್ಟರ್ ತೆರೆಯಗೊಡಲಿಲ್ಲ. ಅದರ ಮೇಲೆ ಬರೆದ ರಂಜಕ ಪೊಟ್ಯಾಸಿಯಂಗಳ ಅಳತೆಯನ್ನು ಡಯಾಲಿಸಿಸ್ ವೈದ್ಯರಿಗೆ ತೋರಿಸಿ ಅನಂತರ ನೋಡೋಣವೆಂದರು.

ಹೊರಡುವಾಗ ಇನ್ನೊಂದು ತೊಡಕು ಎದುರಾಯಿತು. ಅದು ತಪಸ್ಸುಕಾಲ. ಮನೆಯಾಕೆ ಸಿಸ್ಟರ್ ಕಡೆಗೆ ತಿರುಗಿ, "ತತ್ತಿ ಕೊಡ್ರಿ ಅಂತೀರಿ. ಈ ನಲವತ್ತ ದಿನದಾಗ ನಮ್ಮ ಮನಿಯೊಳಗ ತತ್ತಿ ಒಡದಿಲ್ರೀ" ಎಂದರು. ಹಿರಿಯರೂ ತಲೆಯಾಡಿಸಿದರು. ಕಾಯಿಲೆಯ ಹೆಸರಿನಲ್ಲಿ ವ್ರತ ಬಿಡುವುದು ಅವರಿಗೆ ಇಷ್ಟವಿರಲಿಲ್ಲ. ನಮ್ಮ ಓದುಗರ ಅನೇಕ ಮನೆಗಳಲ್ಲಿ ಈ ಸಂದೇಹ ಬಂದೀತು. ಪೌಲ ಆರನೆಯ ಜಗದ್ಗುರುಗಳು 1966ರಲ್ಲಿ ಹೊರಡಿಸಿದ ಆಜ್ಞೆಯಲ್ಲಿಯೇ ವರ್ಜ್ಯವಾದುದು ಮಾಂಸ ಮಾತ್ರ, ಮೊಟ್ಟೆಯೂ ಹಾಲಿನ ಪದಾರ್ಥಗಳೂ ಅಲ್ಲ ಎಂದು ಸ್ಪಷ್ಟವಾಗಿದೆ. 1983ರ ಧರ್ಮಸಭೆಯ ಕಾನೂನಿನ 1252ನೆಯ ವಿಧಿಯ ಪ್ರಕಾರ ಉಪವಾಸದ ನಿಯಮವು ಅರವತ್ತನೆಯ ವರ್ಷ ಆರಂಭವಾಗುವವರೆಗೆ ಮಾತ್ರ ಅನ್ವಯಿಸುತ್ತದೆ. 1245ನೆಯ ವಿಧಿಯಂತೆ ಸಕಾರಣವಿದ್ದಲ್ಲಿ ವಿಚಾರಣಾ ಗುರುಗಳು ವಿನಾಯಿತಿ ಕೊಡಬಹುದು ಅಥವಾ ಬೇರೊಂದು ಸತ್ಕಾರ್ಯವನ್ನು ಸೂಚಿಸಬಹುದು. ನಲವತ್ತು ದಿನ ಮೊಟ್ಟೆ ಬಿಡುವುದು ನಮ್ಮ ಮನೆಗಳ ಭಕ್ತಿಯ ರೂಢಿ, ಸಭೆಯ ಕಟ್ಟಳೆಯಲ್ಲ. ನಲವತ್ತು ದಿನಗಳಲ್ಲಿ ವಾರಕ್ಕೆರಡರಂತೆ ಹನ್ನೊಂದು ಹನ್ನೆರಡು ಸಲ ಯಂತ್ರಕ್ಕೆ ಹೋಗುವ ರೋಗಿಯು ಅಷ್ಟು ಸಲವೂ ಕಳೆದುಕೊಂಡು ಬರುತ್ತಾನೆ; ತುಂಬಿಕೊಳ್ಳುವುದು ಯಾವಾಗ?

ಸಿಸ್ಟರ್ ಈ ಕಾನೂನುಗಳೊಂದನ್ನೂ ಹೇಳಲಿಲ್ಲ. "ಗುರುಗಳನ್ನ ನಾನು ಕೇಳ್ತೀನಿ, ಡಾಕ್ಟರನ್ನ ನೀವು ಕೇಳ್ರಿ" ಎಂದಷ್ಟೇ ಹೇಳಿ ಎದ್ದರು.

ಪಾಸ್ಖ ಹಬ್ಬ ಕಳೆದು ಮೂರು ವಾರಗಳ ಬಳಿಕ ನಾವು ಮತ್ತೆ ಆ ದಾರಿಯಲ್ಲಿ ಹೋದೆವು, ಈ ಸಲ ಒಂದು ಡಜನ್ ಮೊಟ್ಟೆಗಳೊಂದಿಗೆ. ಗುರುಗಳು ಮೊಟ್ಟೆಗೆ ಒಪ್ಪಿ, ಅದರ ಬದಲು ಪ್ರತಿ ಸಂಜೆ ಜಪಸರದ ಒಂದು ಹೆಚ್ಚಿನ ದಶಕವನ್ನು ಸೂಚಿಸಿದ್ದರಂತೆ. ಗುಳಿಗೆಗಳನ್ನು ವೈದ್ಯರು ನಿಲ್ಲಿಸಿದ್ದರು. ತೂಕವು ಒಂದೂವರೆ ಕಿಲೋ ಏರಿತ್ತು. ಅದು ಮೈಗೆ ಹತ್ತಿದ ತೂಕವೋ ನೀರಿನ ತೂಕವೋ ಎಂಬುದನ್ನು ಮುಂದಿನ ತಿಂಗಳು ನೋಡಿ ಹೇಳುವೆವೆಂದು ಆಸ್ಪತ್ರೆಯಲ್ಲಿ ತಿಳಿಸಿದ್ದರು. ಹಿರಿಯರು ಪಡಸಾಲೆಯಲ್ಲಿ ಗೋಡೆಗೊರಗದೆ ಕುಳಿತಿದ್ದರು. ಪವಿತ್ರ ಹೃದಯದ ಪಟದ ಕೆಳಗೆ ಹೊಸ ಚೀಟಿಯೊಂದು ಬಂದಿತ್ತು. ಅದರ ತಲೆಯ ಮೇಲೆ ಮಗಳು ಕೆಂಪು ಮಸಿಯಲ್ಲಿ, ದೂರದಿಂದಲೇ ಓದುವಷ್ಟು ದೊಡ್ಡದಾಗಿ, ತಾರೀಖನ್ನು ಬರೆದಿದ್ದಳು.